ಹೊಸ ಸ್ಟಾಫ್ ನರ್ಸ್‌ಗಳಿಗೆ: ಶಿಫ್ಟಿನ ಸಮಯ ಮತ್ತು ಕೆಲಸವನ್ನು ಹಿಡಿತಕ್ಕೆ ತಂದುಕೊಳ್ಳುವ ಸಮಗ್ರ ಮಾರ್ಗದರ್ಶಿ

ಕಾಲೇಜಿನಲ್ಲಿದ್ದಾಗ ಒಬ್ಬ ರೋಗಿಯನ್ನು ಕೊಟ್ಟು ಕೇರ್ ಪ್ಲಾನ್ ಬರೆಸುತ್ತಿದ್ದರು. ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಆ ಒಬ್ಬರೇ. ಈಗ ರಿಜಿಸ್ಟ್ರೇಷನ್ ಆಗಿದೆ, ಓರಿಯೆಂಟೇಷನ್ ಮುಗಿದಿದೆ, ಬೋರ್ಡಿನಲ್ಲಿ ನಿಮ್ಮ ಹೆಸರಿನ ಮುಂದೆ ಆರು ಬೆಡ್ ನಂಬರ್ ಬರೆದಿದ್ದಾರೆ. ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಲೆಕ್ಕದ ಪ್ರಕಾರ ಜನರಲ್ ವಾರ್ಡಿನಲ್ಲಿ ಬೋಧನಾ ಆಸ್ಪತ್ರೆಯಾದರೆ 3 ರೋಗಿಗೆ ಒಬ್ಬ ನರ್ಸ್, ಉಳಿದ ಕಡೆ 5 ರೋಗಿಗೆ ಒಬ್ಬರು ಇರಬೇಕು. ಬೆಂಗಳೂರಿನ ವಾರ್ಡುಗಳಲ್ಲಿ ಕೆಲಸ ಮಾಡಿದವರಿಗೆ ಗೊತ್ತು, ಆ ಲೆಕ್ಕ ಎಲ್ಲ ದಿನ ಕೂಡಿಬರುವುದಿಲ್ಲ.

ಹೊಸಬರು ಬಂದು ಹೇಳುವ ಮಾತು ಒಂದೇ: "ಸಿಸ್ಟರ್, ನನ್ನ ಕೈ ನಿಧಾನ. ಟೈಮ್ ಸಾಲ್ತಾ ಇಲ್ಲ." ಕೈಯ ವೇಗದ ಚಿಂತೆ ಬಿಡಿ. ಕೆಲವು ತಿಂಗಳಲ್ಲಿ ಅದು ತಾನಾಗಿ ಬರುತ್ತದೆ. ತಾನಾಗಿ ಬಾರದೇ ಇರುವುದು ಇನ್ನೊಂದಿದೆ: ಯಾವ ಕೆಲಸ ಕಾಯುತ್ತದೆ, ಯಾವುದು ಕಾಯುವುದಿಲ್ಲ ಎಂದು ನೋಡಿದ ಕೂಡಲೇ ತೀರ್ಮಾನಿಸುವುದು. ಅದನ್ನು ಕಲಿಯಬೇಕು, ಯಾರಾದರೂ ಕಲಿಸಬೇಕು. ಇಲ್ಲಿ ಬರೆದಿರುವುದು ಜನರಲ್ ವಾರ್ಡಿನ ಕೆಲಸಕ್ಕೆ. ಐಸಿಯು, ಓಟಿ, ಲೇಬರ್ ವಾರ್ಡಿನ ದಾರಿ ಬೇರೆ. ಎಲ್ಲೇ ಇರಲಿ, ನಿಮ್ಮ ಆಸ್ಪತ್ರೆಯ ಪ್ರೋಟೋಕಾಲ್ ಏನು ಹೇಳುತ್ತದೋ ಅದೇ ಕೊನೆಯ ಮಾತು.

ಹಂತ 1: ವಾರ್ಡಿಗೆ ಬರುವ ಮೊದಲು

ಶಿಫ್ಟ್ 8ಕ್ಕೆ ಶುರು ಅಂದರೆ 7:40ಕ್ಕೆ ವಾರ್ಡಿನಲ್ಲಿರಿ. ಶಿಸ್ತಿನ ಮಾತಿಗೆ ಸುಮ್ನೆ ಹೇಳುತ್ತಿಲ್ಲ. ಆ 20 ನಿಮಿಷ ಫೈಲ್ ಓದಿದರೆ ಓವರ್ (ಹಿಂದಿನ ಶಿಫ್ಟಿನವರಿಂದ ರೋಗಿಗಳ ವಿವರ) ತೆಗೆದುಕೊಳ್ಳುವಾಗ ಏನು ಕೇಳಬೇಕು ಅಂತ ಗೊತ್ತಿರುತ್ತದೆ. ಓದದೆ ಹೋದರೆ ಹೇಳಿದ್ದಕ್ಕೆಲ್ಲ ತಲೆಯಾಡಿಸುವುದಷ್ಟೇ.

ಹಾಗಾಗಿ ಪಿಜಿ ಅಥವಾ ರೂಮ್ ಹುಡುಕುವಾಗ ಬಾಡಿಗೆ ಒಂದನ್ನೇ ನೋಡಬೇಡಿ. ಸಿಲ್ಕ್ ಬೋರ್ಡ್, ಹೆಬ್ಬಾಳ ದಾಟಿ ಬರಬೇಕಾದರೆ ಯಾವ ದಿನ ಎಷ್ಟು ಹೊತ್ತಾಗುತ್ತದೆ ಅಂತ ಯಾರೂ ಹೇಳಲಾರರು. ನಡೆದು ಬರುವಷ್ಟು ಹತ್ತಿರ, ಇಲ್ಲವೇ ಒಂದೇ ಮೆಟ್ರೊ ಮಾರ್ಗದಲ್ಲಿ ಮನೆ ಸಿಕ್ಕಿದರೆ ಬಾಡಿಗೆ ಸ್ವಲ್ಪ ಜಾಸ್ತಿಯಾದರೂ ತೆಗೆದುಕೊಳ್ಳಿ. ಕೆ.ಆರ್. ಮಾರ್ಕೆಟ್ ಸ್ಟೇಷನ್ನಿಂದ ವಿಕ್ಟೋರಿಯಾ, ವಾಣಿ ವಿಲಾಸ ಆಸ್ಪತ್ರೆ ಎರಡೂ ನಡೆಯುವ ದೂರ. 2025ರ ಆಗಸ್ಟ್‌ನಲ್ಲಿ ಶುರುವಾದ ಹಳದಿ ಮಾರ್ಗದಲ್ಲಿ ಜಯದೇವ ಆಸ್ಪತ್ರೆ ಹೆಸರಿನದೇ ಸ್ಟೇಷನ್ ಇದೆ, ಕೊನೆಯ ನಿಲ್ದಾಣ ಬೊಮ್ಮಸಂದ್ರ. ಭಾನುವಾರ ಡ್ಯೂಟಿ ಇದ್ದರೆ ಹಿಂದಿನ ರಾತ್ರಿಯೇ ಮೊದಲ ರೈಲಿನ ಸಮಯ ನೋಡಿಕೊಳ್ಳಿ, ಅವತ್ತು ಬೇರೆ ಇರುತ್ತದೆ.

ತಿಂದು ಬನ್ನಿ. 11ಕ್ಕೆ ತಿಂದರಾಯಿತು ಅಂದುಕೊಂಡರೆ 11ಕ್ಕೆ ಹೊಸ ಅಡ್ಮಿಷನ್ ಬರುತ್ತದೆ.

ಹಂತ 2: ಒಂದು ಹಾಳೆ

ಎ4 ಹಾಳೆಯೊಂದನ್ನು ಅಡ್ಡ ಇಟ್ಟುಕೊಳ್ಳಿ. ಎಡಗಡೆ ಬೆಡ್ ನಂಬರುಗಳು, ಮೇಲುಗಡೆ ಗಂಟೆಗಳು: 8, 9, 10, ಹೀಗೆ 2ರವರೆಗೆ. ಯಾವ ಬೆಡ್‌ಗೆ ಯಾವ ಗಂಟೆಯಲ್ಲಿ ಏನಿದೆಯೋ ಆ ಮನೆಯಲ್ಲಿ ಬರೆಯಿರಿ. ಬೆಡ್ 12ಕ್ಕೆ 8ರಲ್ಲಿ ಶುಗರ್ ಮತ್ತು ಇನ್ಸುಲಿನ್, 10ರಲ್ಲಿ ಆಂಟಿಬಯೋಟಿಕ್. ಬೆಡ್ 16ಕ್ಕೆ 8, 10, 12ರಲ್ಲಿ ಮಗ್ಗುಲು ಬದಲಿಸುವುದು. ಕೊನೆಯಲ್ಲೊಂದು ಖಾಲಿ ಸಾಲು ಬಿಡಿ. ಸಮಯ ನಿಗದಿಯಾಗದ ಕೆಲಸಗಳಿಗೆ ಅದು: ಎಕ್ಸ್‌ರೇಗೆ ಕಳಿಸಬೇಕು, ಕನ್ಸೆಂಟ್ ಬಾಕಿ, ಫಾರ್ಮಸಿಗೆ ವಾಪಸ್ ಕೊಡಬೇಕು.

ಕೆಲಸ ಮುಗಿದ ಮೇಲೆ ಟಿಕ್ ಹಾಕಿ. ಶುರು ಮಾಡಿದ್ದಕ್ಕೆ ಟಿಕ್ ಬೇಡ, ಒಂದು ಚುಕ್ಕೆ ಇಡಿ. ಈ ವ್ಯತ್ಯಾಸ ದೊಡ್ಡದು. ಮಧ್ಯದಲ್ಲಿ ಯಾರೋ ಕರೆದು, ಅರ್ಧ ಮಾಡಿಬಿಟ್ಟ ಕೆಲಸ ಮುಗಿದಿದೆ ಅಂತ ಮನಸ್ಸು ನಂಬಿಬಿಡುವುದು ಹೊಸಬರಿಗೆ ಮಾತ್ರವಲ್ಲ, ಎಲ್ಲರಿಗೂ ಆಗುತ್ತದೆ.

ನಿಮ್ಮ ಆಸ್ಪತ್ರೆಯಲ್ಲಿ ಎಲ್ಲ ಕಂಪ್ಯೂಟರಿನಲ್ಲೇ ಇದ್ದರೂ ಈ ಹಾಳೆ ಬೇಕು. ಕಂಪ್ಯೂಟರ್ ಒಬ್ಬೊಬ್ಬ ರೋಗಿಯನ್ನು ತೋರಿಸುತ್ತದೆ, ಹಾಳೆ ಆರು ಜನರನ್ನೂ ಒಟ್ಟಿಗೆ ತೋರಿಸುತ್ತದೆ. ಹಾಳೆಯಲ್ಲಿ ಹೆಸರು ಬರೆಯಬೇಡಿ. ಶಿಫ್ಟ್ ಮುಗಿದ ಮೇಲೆ ವಾರ್ಡಿನಲ್ಲೇ ಹರಿದು ಹಾಕಿ. ಬ್ಯಾಗಿನಲ್ಲಿ ಮನೆಗೆ ಬರಬಾರದು. ಆದರೆ ಔಷಧಿ ಕೊಡುವಾಗ ಈ ಹಾಳೆ ನೋಡಿ ಕೊಡಬೇಡಿ. ಡ್ರಗ್ ಚಾರ್ಟ್ ನೋಡಿಯೇ ಕೊಡಬೇಕು. ಹಾಳೆ ಬರೀ ನೆನಪು ಮಾಡುವುದಕ್ಕೆ.

ಹಂತ 3: ಓವರ್ ತೆಗೆದುಕೊಳ್ಳುವುದು

ನರ್ಸಿಂಗ್ ಸ್ಟೇಷನ್ನಿನಲ್ಲಿ ನಿಂತು ಓವರ್ ತೆಗೆದುಕೊಳ್ಳಬೇಡಿ. ಬೆಡ್ ಪಕ್ಕಕ್ಕೆ ಹೋಗಿ. ನೈಟ್ ಸ್ಟಾಫ್ ಸುಸ್ತಾಗಿರುತ್ತಾರೆ, ಮನೆಗೆ ಹೋಗುವ ಆತುರ ಅವರಿಗೆ. "ಎಲ್ಲಾ ಓಕೆ, ಸೇಮ್ ಟ್ರೀಟ್‌ಮೆಂಟ್" ಅಂದುಬಿಡುತ್ತಾರೆ. ಮರ್ಯಾದೆಯಿಂದಲೇ ಕೇಳಿ: "ಅಕ್ಕಾ, ಒಂದು ನಿಮಿಷ ಬೆಡ್ ಹತ್ರ ಹೋಗೋಣ, ಪಂಪ್ ನೋಡಿಬಿಡ್ತೀನಿ." ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ. ನಾಳೆ ನೀವು ಓವರ್ ಕೊಡುವಾಗ ಅವರೂ ಅದನ್ನೇ ಕೇಳುತ್ತಾರೆ.

ಬೆಡ್ ಪಕ್ಕದಲ್ಲಿ ಕಣ್ಣಿಂದ ನೋಡಬೇಕಾದ್ದು: ಇನ್ಫ್ಯೂಷನ್ ಪಂಪಿನ ರೇಟ್ ಆರ್ಡರಿನಲ್ಲಿ ಇರುವಷ್ಟೇ ಇದೆಯಾ, ಕ್ಯಾನುಲಾ ಹಾಕಿದ ಜಾಗ ಕೆಂಪಾಗಿದೆಯಾ ಊದಿದೆಯಾ, ಡ್ರೈನ್ ಮತ್ತು ಯೂರಿನ್ ಬ್ಯಾಗಿನಲ್ಲಿ ಎಷ್ಟಿದೆ, ಮಲಗಿಯೇ ಇರುವವರ ಬೆನ್ನು ಮತ್ತು ಹಿಮ್ಮಡಿಯ ಚರ್ಮ ಹೇಗಿದೆ. ಬಾಯಿಂದ ಕೇಳಬೇಕಾದ್ದು: ರಾತ್ರಿ ಏನು ಬದಲಾಯಿತು, ಯಾವ ರಿಪೋರ್ಟ್ ಬರಬೇಕಿದೆ, ಯಾವ ಡೋಸ್ ತಪ್ಪಿದೆ, ಯಾರು ಉಪವಾಸ ಇರಬೇಕು. ಆಮೇಲೆ ಒಂದು ಪ್ರಶ್ನೆ ತಪ್ಪದೆ ಕೇಳಿ: "ಈ ಆರು ಜನರಲ್ಲಿ ನಿಮಗೆ ಯಾರ ಬಗ್ಗೆ ಚಿಂತೆ?" ಚಾರ್ಟಿನಲ್ಲಿ ಬರೆಯಲಾಗದ ವಿಷಯ ಈ ಪ್ರಶ್ನೆಗೆ ಹೊರಗೆ ಬರುತ್ತದೆ. "13ರವರು ಯಾಕೋ ಸರಿ ಕಾಣಿಸ್ತಿಲ್ಲ ಕಣೇ" ಅಂತ ಹಳಬರು ಅಂದರೆ ನಿಮ್ಮ ಹಾಳೆಯಲ್ಲಿ 13ರ ಸುತ್ತ ಗುಂಡಗೆ ಗೆರೆ ಎಳೆಯಿರಿ.

ಹಂತ 4: ಮೊದಲ ಸುತ್ತು ಮತ್ತು ಸರದಿ

ಓವರ್ ಮುಗಿದ ತಕ್ಷಣ ಔಷಧಿ ಟ್ರೇಗೆ ಕೈ ಹಾಕಬೇಕು ಅನಿಸುತ್ತದೆ. ತಡೆಯಿರಿ. ಮೊದಲು ಆರೂ ಬೆಡ್‌ಗೆ ಒಂದು ಸುತ್ತು ಹೋಗಿ. ಒಬ್ಬೊಬ್ಬರಿಗೆ ಒಂದು ನಿಮಿಷ ಸಾಕು. "ನಮಸ್ಕಾರ ಯಜಮಾನ್ರೆ, ಇವತ್ತು ಮಧ್ಯಾಹ್ನದವರೆಗೆ ನಾನೇ ಇರ್ತೀನಿ. ಹೇಗಿದ್ದೀರಿ?" ಅವರು ಉತ್ತರ ಕೊಡುವ ರೀತಿಯಲ್ಲೇ ಎಷ್ಟೋ ಗೊತ್ತಾಗುತ್ತದೆ. ಉಸಿರು ಸರಾಗವಾಗಿದೆಯಾ, ಮುಖದ ಬಣ್ಣ ಹೇಗಿದೆ, ಮಾತು ಸರಿಯಾಗಿದೆಯಾ, ಗಾಬರಿ ಇದೆಯಾ.

ಒಂದು ಬೆಳಗಿನ ಉದಾಹರಣೆ ತೆಗೆದುಕೊಳ್ಳೋಣ.

ಬೆಡ್ 11: ನಿನ್ನೆ ಪಿತ್ತಕೋಶದ ಆಪರೇಷನ್ ಆದವರು, ನೋವು ಅನ್ನುತ್ತಿದ್ದಾರೆ. ಬೆಡ್ 12: ಸಕ್ಕರೆ ಕಾಯಿಲೆ, ಕಾಲಿನಲ್ಲಿ ಗಾಯ, ತಿಂಡಿಗೆ ಮೊದಲು ಇನ್ಸುಲಿನ್. ಬೆಡ್ 13: 68 ವರ್ಷದವರು, ಸಿಓಪಿಡಿ (ಉಸಿರಾಟಕ್ಕೆ ಅಡ್ಡಿ ಮಾಡುವ, ಬಹುಕಾಲದ ಶ್ವಾಸಕೋಶದ ಕಾಯಿಲೆ). ಬೆಡ್ 14: ಡೆಂಗಿ, ಹುಡುಗನಿಗೆ ರಾತ್ರಿಯಿಂದ ಜ್ವರ ಬಿಟ್ಟಿದೆ, ಸುಮ್ಮನೆ ಮಲಗಿದ್ದಾನೆ. ಬೆಡ್ 15: ಇವತ್ತು ಡಿಸ್ಚಾರ್ಜ್, ಮನೆಯವರು ಆಗಲೇ ನರ್ಸಿಂಗ್ ಸ್ಟೇಷನ್ ಮುಂದೆ ನಿಂತಿದ್ದಾರೆ. ಬೆಡ್ 16: ಸ್ಟ್ರೋಕ್ ಆದ ಅಜ್ಜಿ, ರೈಲ್ಸ್ ಟ್ಯೂಬ್ (ಮೂಗಿನಿಂದ ಹೊಟ್ಟೆಗೆ ಇಳಿಸಿದ ಕೊಳವೆ) ಮೂಲಕ ಆಹಾರ.

ಹೊಸಬರು ಬಹಳ ಮಂದಿ 15ರಿಂದ ಶುರು ಮಾಡುತ್ತಾರೆ. ಯಾಕಂದರೆ ಗಟ್ಟಿಯಾಗಿ ಕೇಳುತ್ತಿರುವುದು ಅವರು. ವಾರ್ಡಿನಲ್ಲಿ ಗಟ್ಟಿ ಮಾತಾಡುವವರಿಗೆ ಸಾಮಾನ್ಯವಾಗಿ ಉಸಿರು ಚೆನ್ನಾಗಿರುತ್ತದೆ. ನೋಡಬೇಕಾದ್ದು ಮಾತಾಡಲಾಗದವರನ್ನು.

ಸುತ್ತಿನಲ್ಲಿ 13ರವರು ಎರಡು ಪದಕ್ಕೊಮ್ಮೆ ನಿಲ್ಲಿಸಿ ಉಸಿರೆಳೆಯುತ್ತಿದ್ದಾರೆ ಅಂತಿಟ್ಟುಕೊಳ್ಳಿ. ಎಣಿಸಿದರೆ ನಿಮಿಷಕ್ಕೆ 28. ರೋಗಿ ಕೆಡುತ್ತಿದ್ದಾರಾ ಅಂತ ತಿಳಿಯಲು ಉಸಿರಾಟ, ಪಲ್ಸ್, ಬಿಪಿ ಮುಂತಾದವಕ್ಕೆ ಅಂಕ ಕೊಡುವ ಅರ್ಲಿ ವಾರ್ನಿಂಗ್ ಸ್ಕೋರಿನಲ್ಲಿ ಉಸಿರಾಟ 25 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಅದೊಂದಕ್ಕೇ 3 ಅಂಕ. ಒಂದೇ ಅಂಶಕ್ಕೆ 3 ಬಂದರೆ ಡಾಕ್ಟರಿಗೆ ಹೇಳಲೇಬೇಕು. ಸುತ್ತು ಅಲ್ಲಿಗೇ ನಿಲ್ಲುತ್ತದೆ. ಅವರನ್ನು ಎತ್ತರಿಸಿ ಕೂರಿಸಿ, ಸ್ಯಾಚುರೇಷನ್ (ರಕ್ತದ ಆಕ್ಸಿಜನ್ ಶೇಕಡಾ ಎಷ್ಟು) ನೋಡಿ, ಫೋನ್ ಮಾಡಿ. ಸಿಓಪಿಡಿ ಇರುವವರಿಗೆ ಸಾಮಾನ್ಯವಾಗಿ 88ರಿಂದ 92ರ ಗುರಿ ಬರೆದಿರುತ್ತಾರೆ. ಆ ಆರ್ಡರ್ ನೋಡಿಯೇ ಆಕ್ಸಿಜನ್ ಹೊಂದಿಸಿ. ಅಷ್ಟರಲ್ಲಿ ತಿಂಡಿ ಗಾಡಿ ಬರುತ್ತದೆ. 12ರವರ ಇನ್ಸುಲಿನ್ ಕಾಯುವುದಿಲ್ಲ. ಪಕ್ಕದ ಸಿಸ್ಟರನ್ನು ಕೇಳಿ: "12ರ ಶುಗರ್ ನೋಡಿ ಇನ್ಸುಲಿನ್ ಕೊಡ್ತೀರಾ? ನಾನು 13 ಬಿಟ್ಟು ಬರೋ ಹಾಗಿಲ್ಲ." ಶುಗರ್ 70ಕ್ಕಿಂತ ಕೆಳಗಿದ್ದರೆ ಇನ್ಸುಲಿನ್ ನಿಲ್ಲಿಸಿ, ಮೊದಲು ಗ್ಲೂಕೋಸ್, 15 ನಿಮಿಷಕ್ಕೆ ಮತ್ತೆ ಟೆಸ್ಟ್.

13 ಸ್ವಲ್ಪ ತಹಬಂದಿಗೆ ಬಂದ ಮೇಲೆ ಯಾರು? 14ರ ಹುಡುಗ. ಜ್ವರ ಬಿಟ್ಟಿದೆ ಅಂತ ಮನೆಯವರಿಗೆ ಖುಷಿ. ಡೆಂಗಿಯಲ್ಲಿ ಅಪಾಯದ ಹೊತ್ತು ಶುರುವಾಗುವುದೇ ಜ್ವರ ಇಳಿದಾಗ. ಸಾಮಾನ್ಯವಾಗಿ ಜ್ವರ ಬಂದ ಮೂರರಿಂದ ಏಳನೇ ದಿನದ ನಡುವೆ ರಕ್ತನಾಳದಿಂದ ದ್ರವ ಸೋರತೊಡಗುತ್ತದೆ, 24ರಿಂದ 48 ಗಂಟೆ ನಡೆಯುತ್ತದೆ. ಹೊಟ್ಟೆನೋವು, ಬಿಡದ ವಾಂತಿ, ವಸಡಿನಲ್ಲಿ ರಕ್ತ, ಮಂಕು, ಕೈಕಾಲು ತಣ್ಣಗಾಗುವುದು, ಮೂತ್ರ ಕಡಿಮೆಯಾಗುವುದು, ಇವು ಹೇಳಬೇಕಾದ ಲಕ್ಷಣ. 60 ಕೆಜಿ ತೂಕದವರಿಗೆ ಗಂಟೆಗೆ 30 ಎಂಎಲ್‌ಗಿಂತ ಕಡಿಮೆ ಮೂತ್ರ ಆದರೆ ಎಚ್ಚರವಾಗಿ. ಮಳೆಗಾಲದಲ್ಲಿ ಬೆಂಗಳೂರಿನ ಮೆಡಿಕಲ್ ವಾರ್ಡುಗಳಲ್ಲಿ ಇಂಥ ಹುಡುಗರು ಸಾಲಾಗಿ ಮಲಗಿರುತ್ತಾರೆ. ಸುಮ್ಮನಿದ್ದಾನೆ ಅಂತ ಕೊನೆಗೆ ಇಡಬೇಡಿ.

ಆಮೇಲೆ 11ರ ನೋವು. ನೋವಿನ ಇಂಜೆಕ್ಷನ್ ಬೇಗ ಕೊಟ್ಟರೆ ಅವರು ಎದ್ದು ಕೂರುತ್ತಾರೆ, ಓಡಾಡುತ್ತಾರೆ, ನಿಮ್ಮ ಮುಂದಿನ ಕೆಲಸವೂ ಹಗುರ. ನಂತರ 16ರ ಅಜ್ಜಿಗೆ ಮಗ್ಗುಲು ಬದಲಿಸಿ, ತಲೆ ಎತ್ತರಿಸಿ, ಟ್ಯೂಬ್ ಜಾಗದಲ್ಲಿದೆಯಾ ನೋಡಿ ಫೀಡ್. 15ರ ಮನೆಯವರಿಗೆ ನಡುವೆ ಒಂದು ಮಾತು ಹೇಳಿಬಿಡಿ: "ರೌಂಡ್ಸ್ ಆದ ಮೇಲೆ ಸಮ್ಮರಿ, ಆಮೇಲೆ ಬಿಲ್ಲಿಂಗ್. ಇನ್ಶೂರೆನ್ಸ್ ಇದ್ದರೆ ಅಪ್ರೂವಲ್ ಬರಬೇಕು. ಮಧ್ಯಾಹ್ನ ಆಗುತ್ತೆ, ನೀವು ತಿಂಡಿ ತಿಂದು ಬನ್ನಿ." ಗೊತ್ತಿರುವ ಸಮಯ ಹೇಳಿದರೆ ಜನ ಕಾಯುತ್ತಾರೆ. "ಐದು ನಿಮಿಷ" ಅಂತ ಹೇಳಿ ಹೋದರೆ ಐದು ನಿಮಿಷಕ್ಕೊಮ್ಮೆ ಬಂದು ಕೇಳುತ್ತಾರೆ. ತಪ್ಪು ಅವರದಲ್ಲ.

ಹಂತ 5: ಔಷಧಿಯ ಗಡಿಯಾರ

ಎಲ್ಲ ಔಷಧಿಗೂ ಒಂದೇ ಆತುರ ಇಲ್ಲ. ಸಾಮಾನ್ಯವಾಗಿ ಪಾಲಿಸುವ ನಿಯಮ ಹೀಗಿದೆ: ಸಮಯ ತಪ್ಪಬಾರದ ಔಷಧಿಗಳು ನಿಗದಿಯ ಸಮಯಕ್ಕೆ 30 ನಿಮಿಷ ಹಿಂದೆ ಮುಂದೆ, ದಿನಕ್ಕೆ ಎರಡು ಮೂರು ಸಲ ಕೊಡುವ ಉಳಿದವು ಒಂದು ಗಂಟೆ ಹಿಂದೆ ಮುಂದೆ, ದಿನಕ್ಕೊಮ್ಮೆ ಕೊಡುವ ವಿಟಮಿನ್ ಥರದವು ಎರಡು ಗಂಟೆ ಹಿಂದೆ ಮುಂದೆ. ನಿಮ್ಮ ಆಸ್ಪತ್ರೆಯ ಪಾಲಿಸಿಯಲ್ಲಿ ಇದು ಎಷ್ಟಿದೆ ಅಂತ ಮೊದಲ ವಾರವೇ ಕೇಳಿ ತಿಳಿದುಕೊಳ್ಳಿ. ಊಟಕ್ಕೆ ಮೊದಲಿನ ಇನ್ಸುಲಿನ್, ಫಿಟ್ಸ್ ಮಾತ್ರೆ, ಪಾರ್ಕಿನ್ಸನ್ ಮಾತ್ರೆ, ಆಂಟಿಬಯೋಟಿಕ್‌ನ ಮೊದಲ ಡೋಸ್, ಸ್ಟ್ಯಾಟ್ (ಈ ಕೂಡಲೇ) ಅಂತ ಬರೆದದ್ದು ಇವೆಲ್ಲ ಮೊದಲ ಗುಂಪು. ಕ್ಯಾಲ್ಸಿಯಂ ಮಾತ್ರೆ ಕಾಯುತ್ತದೆ.

ಶಿಫ್ಟ್ ಶುರುವಿನಲ್ಲೇ ಇಡೀ ಶಿಫ್ಟಿನ ಔಷಧಿ ಡ್ರಾದಲ್ಲಿ ಇದೆಯಾ ನೋಡಿ. 10ಕ್ಕೆ ಕೊಡಬೇಕಾದ ಆಂಟಿಬಯೋಟಿಕ್ ಇಲ್ಲ ಅಂತ 10ಕ್ಕೆ ಗೊತ್ತಾದರೆ ಇಂಡೆಂಟ್ (ಔಷಧಿ ಬೇಡಿಕೆ ಚೀಟಿ) ಹಾಕಿ, ಫಾರ್ಮಸಿಯಿಂದ ಬರುವ ಹೊತ್ತಿಗೆ 11:30. 8:15ಕ್ಕೆ ಇಂಡೆಂಟ್ ಹಾಕಿದ್ದರೆ 10ಕ್ಕೆ ಕೈಯಲ್ಲಿರುತ್ತಿತ್ತು. ನಾನು ಕಂಡಂತೆ ಬೆಳಗಿನ ಶಿಫ್ಟಿನಲ್ಲಿ ಜಾಸ್ತಿ ಸಮಯ ಹೋಗುವುದು ಔಷಧಿ ಕೊಡುವುದರಲ್ಲಿ ಅಲ್ಲ, ಹುಡುಕುವುದರಲ್ಲಿ.

ಒಬ್ಬರದನ್ನು ತೆಗೆದು, ಒಬ್ಬರಿಗೆ ಕೊಟ್ಟು, ಸಹಿ ಮಾಡಿ, ಆಮೇಲೆ ಮುಂದಿನವರದು. ಆರು ಜನರ ಸಿರಿಂಜ್ ಒಟ್ಟಿಗೆ ತುಂಬಿ ಟ್ರೇಯಲ್ಲಿ ಜೋಡಿಸಿದರೆ ಹತ್ತು ನಿಮಿಷ ಉಳಿಯಬಹುದು. ಒಂದು ಸಿರಿಂಜ್ ಅದಲು ಬದಲಾದರೆ ಒಂದು ಜೀವ ಹೋಗಬಹುದು. ಇನ್ಸುಲಿನ್, ಹೆಪಾರಿನ್, ಪೊಟ್ಯಾಸಿಯಂ ಕ್ಲೋರೈಡ್ ಇವನ್ನು ಇನ್ನೊಬ್ಬ ನರ್ಸ್ ಬೇರೆಯಾಗಿ ಲೆಕ್ಕ ಹಾಕಿ ನೋಡಬೇಕು. ಪೊಟ್ಯಾಸಿಯಂ ಅನ್ನು ಬೆರೆಸದೆ ನೇರವಾಗಿ ತಳ್ಳುವ ಹಾಗೇ ಇಲ್ಲ. ವ್ಯಾಂಕೊಮೈಸಿನ್ 1 ಗ್ರಾಂ ಇದ್ದರೆ ಕನಿಷ್ಠ ಒಂದು ಗಂಟೆ ಹೋಗಬೇಕು. ಬೇಗ ಬಿಟ್ಟರೆ ಮೈ ಕೆಂಪಾಗಿ ತುರಿಕೆ ಬರುತ್ತದೆ, ಬಿಪಿ ಇಳಿಯಬಹುದು. ಇಂಥ ಔಷಧಿಯ ಅವಧಿಯನ್ನೂ ಹಾಳೆಯಲ್ಲಿ ಬರೆದುಕೊಳ್ಳಿ.

ಡ್ರಿಪ್ ಲೆಕ್ಕ ಬಾಯಿಪಾಠ ಇರಲಿ. 500 ಎಂಎಲ್ 4 ಗಂಟೆಯಲ್ಲಿ ಅಂದರೆ ಗಂಟೆಗೆ 125. 20 ಹನಿಗೆ 1 ಎಂಎಲ್ ಬೀಳುವ ಸೆಟ್ ಆದರೆ ನಿಮಿಷಕ್ಕೆ ಸುಮಾರು 42 ಹನಿ. 60 ಹನಿಯ ಮೈಕ್ರೋ ಸೆಟ್‌ನಲ್ಲಿ ಗಂಟೆಗೆ ಎಷ್ಟು ಎಂಎಲ್ಲೋ ನಿಮಿಷಕ್ಕೆ ಅಷ್ಟೇ ಹನಿ. ಎಷ್ಟು ಹನಿಯ ಸೆಟ್ ಅಂತ ಪ್ಯಾಕೆಟ್ ಮೇಲೆ ಅಚ್ಚಾಗಿರುತ್ತದೆ, ಓದಿ.

ಔಷಧಿ ಕೊಡುವಾಗ ಯಾರಾದರೂ ಕರೆದರೆ "ಔಷಧಿ ಕೊಡ್ತಿದ್ದೀನಿ, ಮುಗಿಸಿ ಬರ್ತೀನಿ" ಅನ್ನಿ. ಡಾಕ್ಟರ್ ಕರೆದರೂ ಇದೇ ಮಾತು, ತುರ್ತು ಇಲ್ಲದಿದ್ದರೆ.

ಹಂತ 6: ಒಂದು ಸಲ ಹೋದಾಗ ಮೂರು ಕೆಲಸ

ಬೆಡ್ 16ಕ್ಕೆ ಹೋಗುವ ಮೊದಲು ಅರ್ಧ ನಿಮಿಷ ನಿಂತು ಯೋಚಿಸಿ. ಮಗ್ಗುಲು ಬದಲಿಸುವುದು, ಫೀಡ್, ಬಾಯಿ ಸ್ವಚ್ಛ ಮಾಡುವುದು, ಬೆನ್ನು ನೋಡುವುದು, ಯೂರಿನ್ ಬ್ಯಾಗ್ ಅಳತೆ ಎಲ್ಲ ಒಂದೇ ಸಲ ಆಗುತ್ತದೆ. ಇದಕ್ಕೆ ಬೇಕಾದ್ದನ್ನು ಟ್ರಾಲಿಯಲ್ಲಿ ಇಟ್ಟುಕೊಂಡೇ ಹೊರಡಿ. ಡ್ರೆಸಿಂಗ್ ಬಿಚ್ಚಿದ ಮೇಲೆ ಗಾಜ್ ಇಲ್ಲ ಅಂತ ಸ್ಟೋರಿಗೆ ಓಡುವುದು ಸಮಯಕ್ಕೂ ನಷ್ಟ, ಗಾಯಕ್ಕೂ ಒಳ್ಳೆಯದಲ್ಲ. ಸೂಜಿಗೆ ಬಿಳಿ ಡಬ್ಬ, ಐವಿ ಸೆಟ್‌ಗೆ ಕೆಂಪು ಚೀಲ, ರಕ್ತ ಹತ್ತಿದ ಹತ್ತಿಗೆ ಹಳದಿ, ಗಾಜಿನ ವಯಲ್‌ಗೆ ನೀಲಿ. ಆಸ್ಪತ್ರೆ ತ್ಯಾಜ್ಯದ 2016ರ ನಿಯಮದ ಈ ಬಣ್ಣಗಳನ್ನು ಬೆಡ್ ಪಕ್ಕದಲ್ಲೇ ಪಾಲಿಸಿದರೆ ಆಮೇಲೆ ಬೇರ್ಪಡಿಸುವ ಕೆಲಸವೇ ಇರುವುದಿಲ್ಲ.

ಸಮಯ ಉಳಿಸಲು ಬಿಡಬಾರದ್ದು ಕೈ ಶುಚಿ. ಹ್ಯಾಂಡ್‌ರಬ್‌ಗೆ 20ರಿಂದ 30 ಸೆಕೆಂಡ್ ಸಾಕು, ಸೋಪು ನೀರಾದರೆ 40ರಿಂದ 60. ಒಬ್ಬರಿಂದ ಇನ್ನೊಬ್ಬರಿಗೆ ನಡೆಯುತ್ತಾ ಬರುವಾಗಲೇ ಹ್ಯಾಂಡ್‌ರಬ್ ಆಗಿಹೋಗುತ್ತದೆ.

ಸೂಜಿ ಚುಚ್ಚಿಕೊಂಡರೆ ಶಿಫ್ಟ್ ಮುಗಿಯಲಿ ಅಂತ ಕಾಯಬೇಡಿ. ಸೋಪು ನೀರಲ್ಲಿ ತೊಳೆಯಿರಿ, ಹಿಂಡಬೇಡಿ, ಕೂಡಲೇ ಇನ್‌ಚಾರ್ಜ್‌ಗೆ ಹೇಳಿ. ಎಚ್‌ಐವಿ ತಡೆಯುವ ಔಷಧಿ ಬೇಕಾದರೆ ಎರಡು ಗಂಟೆಯೊಳಗೆ ಶುರುವಾದರೆ ಒಳ್ಳೆಯದು, 72 ಗಂಟೆ ದಾಟಿದರೆ ಉಪಯೋಗವಿಲ್ಲ.

ಹಂತ 7: ವೈಟಲ್ಸ್ ಮತ್ತು ಬರವಣಿಗೆ

ಇದನ್ನು ಸ್ವಲ್ಪ ಕಟುವಾಗಿಯೇ ಹೇಳಬೇಕು. ಕೆಲವು ಚಾರ್ಟುಗಳಲ್ಲಿ ಎಲ್ಲ ರೋಗಿಗಳ ಉಸಿರಾಟ 20 ಇರುತ್ತದೆ. ಬೆಳಗ್ಗೆ 20, ಮಧ್ಯಾಹ್ನ 20, ರಾತ್ರಿ 20. ಯಾರೂ ಎಣಿಸಿಲ್ಲ. ಕೆಲಸ ಜಾಸ್ತಿ ಇದ್ದಾಗ ಮೊದಲು ಬಲಿಯಾಗುವುದು ಇದೇ. ಯಂತ್ರ ಬಿಪಿ, ಪಲ್ಸ್ ತೋರಿಸುತ್ತದೆ, ಉಸಿರನ್ನು ನಾವೇ ಎಣಿಸಬೇಕು. ಆದರೆ ರೋಗಿ ಕೆಡುತ್ತಿದ್ದಾರೆ ಅಂತ ಬೇಗ ಹೇಳಿಕೊಡುವ ಲಕ್ಷಣಗಳಲ್ಲಿ ಉಸಿರಾಟವೇ ಮುಂದಿದೆ. ಹಳಬರು "ಅಯ್ಯೋ, ಬರೆದು ಹಾಕು" ಅಂದರೂ ನೀವು ಬರೆಯಬೇಡಿ. ನೋಡಲಾಗದಿದ್ದರೆ ಖಾಲಿ ಬಿಡಿ, ಯಾಕೆ ಆಗಲಿಲ್ಲ ಅಂತ ಬರೆಯಿರಿ, ಇನ್‌ಚಾರ್ಜ್‌ಗೆ ಹೇಳಿ. ಖಾಲಿ ಜಾಗ ನೋಡಿ ಮುಂದಿನವರು ಎಣಿಸುತ್ತಾರೆ. ಸುಳ್ಳು 20 ನೋಡಿ ಯಾರೂ ಎಣಿಸುವುದಿಲ್ಲ.

ಅರ್ಲಿ ವಾರ್ನಿಂಗ್ ಸ್ಕೋರ್ ಒಟ್ಟು 0 ಇದ್ದವರಿಗೆ 12 ಗಂಟೆಗೊಮ್ಮೆ ನೋಡಿದರೂ ನಡೆಯುತ್ತದೆ, 1ರಿಂದ 4 ಇದ್ದರೆ 4ರಿಂದ 6 ಗಂಟೆಗೆ, 5 ಅಥವಾ ಜಾಸ್ತಿಯಾದರೆ, ಇಲ್ಲವೇ ಒಂದೇ ಅಂಶಕ್ಕೆ 3 ಬಂದರೆ ಗಂಟೆಗೊಮ್ಮೆ, 7 ಅಥವಾ ಜಾಸ್ತಿಯಾದರೆ ಬಿಡದೆ. ಹಾಗಾಗಿ ಎಲ್ಲರನ್ನೂ ಒಂದೇ ಅಳತೆಯಲ್ಲಿ ನೋಡುವ ಬದಲು ನಿಮ್ಮ ಸಮಯ ಯಾರಿಗೆ ಜಾಸ್ತಿ ಬೇಕೋ ಅವರಿಗೆ ಕೊಡಬಹುದು. ಡಾಕ್ಟರ್ ಬೇರೆ ಆರ್ಡರ್ ಬರೆದಿದ್ದರೆ ಅದೇ ಅಂತಿಮ.

ನೋಟ್ಸ್ ಅನ್ನು 1:30ಕ್ಕೆ ಒಟ್ಟಿಗೆ ಬರೆಯುವ ಅಭ್ಯಾಸ ಮಾಡಿಕೊಳ್ಳಬೇಡಿ. ಅಷ್ಟು ಹೊತ್ತಿಗೆ 9:10ಕ್ಕೆ ಏನಾಯಿತು ಅನ್ನುವುದು ಮರೆತಿರುತ್ತದೆ. ಒಬ್ಬರ ಕೆಲಸ ಮುಗಿದಾಗ ಎರಡು ಸಾಲು ಬರೆದು ಮುಂದೆ ಹೋಗಿ. "ರೋಗಿ ಆರಾಮಾಗಿದ್ದಾರೆ" ಅಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. "8:10ಕ್ಕೆ ಉಸಿರಾಟ 28, ಸ್ಯಾಚುರೇಷನ್ 85. ಕೂರಿಸಲಾಯಿತು. 8:14ಕ್ಕೆ ಡ್ಯೂಟಿ ಡಾಕ್ಟರಿಗೆ ಹೇಳಲಾಯಿತು. 8:25ಕ್ಕೆ ನೆಬ್ಯುಲೈಸೇಷನ್. 8:45ಕ್ಕೆ ಉಸಿರಾಟ 22, ಸ್ಯಾಚುರೇಷನ್ 90." ಇಷ್ಟು ಬರೆಯಲು ಒಂದು ನಿಮಿಷ. ಮಾಡುವ ಮೊದಲೇ ಬರೆದಿಡುವುದು ಇನ್ನೂ ಅಪಾಯ. 12 ಗಂಟೆಯ ಔಷಧಿಗೆ 11ಕ್ಕೇ ಸಹಿ ಮಾಡಿ, 12 ಗಂಟೆಗೆ ರೋಗಿ ಸ್ಕ್ಯಾನಿಂಗಿಗೆ ಹೋಗಿದ್ದರೆ?

ಹಂತ 8: ರೌಂಡ್ಸ್

ಕಾರ್ಪೊರೇಟ್ ಆಸ್ಪತ್ರೆಗಳಲ್ಲಿ ಮೂವರು ಕನ್ಸಲ್ಟೆಂಟ್‌ಗಳು ಒಂದೇ ಹೊತ್ತಿಗೆ ಬರುತ್ತಾರೆ. ಎಲ್ಲರ ಹಿಂದೆ ಓಡಲು ಆಗುವುದಿಲ್ಲ. ನಿಮ್ಮ ರೋಗಿಗಳಲ್ಲಿ ಯಾರ ಟ್ರೀಟ್‌ಮೆಂಟ್ ಬದಲಾಗಬಹುದೋ ಅವರ ಜೊತೆ ನಿಲ್ಲಿ. ಹೋಗುವ ಮೊದಲು ಮೂರು ಕೇಳಿಬಿಡಿ: ಹೊಸದೇನು ಕೊಡಬೇಕು, ಯಾವ ಟೆಸ್ಟ್, ಏನಾದರೆ ನಿಮಗೆ ಫೋನ್ ಮಾಡಬೇಕು. ಬಾಯಲ್ಲಿ ಹೇಳಿದ ಆರ್ಡರನ್ನು ಅವರ ಮುಂದೆಯೇ ತಿರುಗಿ ಹೇಳಿ, ಬರೆಯಿಸಿಕೊಳ್ಳಿ. ಆರ್ಡರ್ ಆದ ಕೂಡಲೇ ನಿಮ್ಮ ಹಾಳೆಗೆ ಇಳಿಸಿ.

ಹಂತ 9: ಕೇಳುವುದು, ಹಂಚುವುದು, ಫೋನ್ ಮಾಡುವುದು

ಹೊಸಬರು ಸಹಾಯ ಕೇಳಲು ಹೆದರುತ್ತಾರೆ. ಕೆಲಸ ಬರಲ್ಲ ಅಂದುಕೊಳ್ಳುತ್ತಾರೆ ಅನ್ನುವ ಭಯ. ಬೇಗ ಕೇಳಿದವರಿಗೆ ಸಹಾಯ ಸಿಗುತ್ತದೆ, ತಡವಾಗಿ ಕೇಳಿದವರಿಗೆ ಬೈಗುಳ ಸಿಗುತ್ತದೆ. 9:30ಕ್ಕೆ "ನನಗೆ 10ರ ಔಷಧಿ ಮೂರು ಜನರಿಗೆ ಬಾಕಿ, ಒಬ್ಬರನ್ನು ನೋಡ್ತೀರಾ" ಅಂದರೆ ಯಾರೂ ಇಲ್ಲ ಅನ್ನುವುದಿಲ್ಲ.

ಆಯಮ್ಮ, ವಾರ್ಡ್ ಬಾಯ್‌ಗಳಿಗೆ ಕೆಲಸ ಹೇಳುವಾಗ ಪೂರ್ತಿ ಹೇಳಿ. "ಲಕ್ಷ್ಮಮ್ಮಾ, 16ರ ಅಜ್ಜಿಗೆ ಮಗ್ಗುಲು ಬದಲಿಸೋಕೆ ಹತ್ತು ಗಂಟೆಗೆ ಕೈ ಕೊಡ್ತೀರಾ? ಕೆಂಪಗೆ ಏನಾದ್ರೂ ಕಂಡ್ರೆ ನಂಗೆ ಹೇಳಿ." ಸ್ನಾನ, ಬೆಡ್ ಬದಲಿಸುವುದು, ಸ್ಯಾಂಪಲ್ ತಲುಪಿಸುವುದು ಹಂಚಬಹುದು. ಔಷಧಿ, ರೋಗಿಯ ಸ್ಥಿತಿ ತೀರ್ಮಾನಿಸುವುದು, ರಕ್ತ ಏರಿಸುವುದು ಹಂಚುವ ಹಾಗಿಲ್ಲ. ಮನೆಯವರ ಕೈಗೆ ರೈಲ್ಸ್ ಟ್ಯೂಬ್ ಫೀಡ್ ಕೊಟ್ಟು ಹೋಗುವುದೂ ಬೇಡ, ಕಲಿಸಿ ನೋಡುವವರೆಗೆ. ಭಾಷೆಯ ತೊಡಕು ಬಂದಾಗ, ಬೆಂಗಳೂರಿನ ವಾರ್ಡಿನಲ್ಲಿ ದಿನಾ ಬರುತ್ತದೆ, ತಮಿಳು, ಉರ್ದು, ಬಂಗಾಳಿ ಬಲ್ಲ ಸಹೋದ್ಯೋಗಿ ಯಾರು ಅಂತ ತಿಳಿದಿಟ್ಟುಕೊಳ್ಳಿ. ಅರ್ಥವಾಗದ ಉತ್ತರಕ್ಕೆ ಹತ್ತು ನಿಮಿಷ ಹೋಗುವುದು ತಪ್ಪುತ್ತದೆ.

ರಾತ್ರಿ 3ಕ್ಕೆ ಡಾಕ್ಟರನ್ನು ಎಬ್ಬಿಸಬೇಕಾದಾಗ ಹೇಳುವುದು ಹೀಗೆ: "ಸರ್, ಮೂರನೇ ಮಹಡಿ ವಾರ್ಡಿನಿಂದ ಸ್ಟಾಫ್ ನರ್ಸ್. ಬೆಡ್ 13ರವರಿಗೆ ಉಸಿರಾಟ ಜಾಸ್ತಿಯಾಗಿದೆ. 68 ವರ್ಷ, ಸಿಓಪಿಡಿ, ಮೊನ್ನೆ ಅಡ್ಮಿಟ್. ಈಗ ಉಸಿರಾಟ 28, ಸ್ಯಾಚುರೇಷನ್ 85, ಪಲ್ಸ್ 118, ಬಿಪಿ 150/90. ಪೂರ್ತಿ ಮಾತಾಡೋಕೆ ಆಗ್ತಿಲ್ಲ. ಕೂರಿಸಿದ್ದೀನಿ. ನೀವು ಈಗಲೇ ಬಂದು ನೋಡಬೇಕು ಸರ್. ಬರೋವರೆಗೆ ನೆಬ್ಯುಲೈಸೇಷನ್ ಶುರು ಮಾಡ್ಲಾ?" ಫೈಲ್ ಕೈಯಲ್ಲಿ ಇಟ್ಟುಕೊಂಡೇ ಫೋನ್ ಮಾಡಿ. ಬರದಿದ್ದರೆ ಮೇಲಿನವರಿಗೆ ಮಾಡಿ. ಡಾಕ್ಟರ್ ಸಿಡುಕಿದರೂ ನೀವು ಮಾಡಿದ್ದು ಸರಿ.

ಹಂತ 10: ಎಲ್ಲ ಕೈಮೀರಿದಾಗ

ಹೊಸ ಅಡ್ಮಿಷನ್, ಓಟಿಯಿಂದ ಒಬ್ಬರು ವಾಪಸ್, ಬ್ಲಡ್ ಬ್ಯಾಂಕಿನಿಂದ ಫೋನ್, ಎಲ್ಲ ಒಟ್ಟಿಗೆ ಬರುತ್ತದೆ. ನಿಂತುಕೊಳ್ಳಿ. ಹಾಳೆ ತೆಗೆಯಿರಿ. ಈ ಗಂಟೆಯಲ್ಲಿ ಆಗಲೇಬೇಕಾದ ಮೂರನ್ನು ಮಾತ್ರ ಗುರುತಿಸಿ, ಉಳಿದದ್ದನ್ನು ಇನ್‌ಚಾರ್ಜ್‌ಗೆ ತೋರಿಸಿ.

ರಕ್ತದ ವಿಷಯದಲ್ಲಿ ಒಂದು ಲೆಕ್ಕ ಮೊದಲೇ ಹಾಕಿ. ಚೀಲ ಫ್ರಿಜ್‌ನಿಂದ ಹೊರಬಂದ 30 ನಿಮಿಷದೊಳಗೆ ಶುರುವಾಗಬೇಕು, 4 ಗಂಟೆಯೊಳಗೆ ಮುಗಿಯಬೇಕು, ಮೊದಲ 15 ನಿಮಿಷ ನೀವು ಪಕ್ಕದಲ್ಲೇ ಇರಬೇಕು. ಆ 15 ನಿಮಿಷ ನಿಮ್ಮ ಬಳಿ ಇಲ್ಲ ಅಂದರೆ ಚೀಲ ತರಿಸಲೇಬೇಡಿ. ಕ್ಯಾನುಲಾ ಸರಿಯಿದೆ, ವೈಟಲ್ಸ್ ಆಗಿದೆ, ಪರೀಕ್ಷಿಸಲು ಇನ್ನೊಬ್ಬ ನರ್ಸ್ ಇದ್ದಾರೆ ಅಂತಾದ ಮೇಲೆ ತರಿಸಿ.

ಹಂತ 11: ನೈಟ್ ಡ್ಯೂಟಿ

ರಾತ್ರಿ ಕೆಲಸ ಕಡಿಮೆ ಅನ್ನುವುದು ಡ್ಯೂಟಿ ಮಾಡದವರ ಮಾತು. ಬೆಳಗಿನ ಜಾವ 3ರಿಂದ 5ರ ನಡುವೆ ಮೈಯೂ ಮನಸ್ಸೂ ಕುಗ್ಗುತ್ತದೆ. ಲೆಕ್ಕ ಹಾಕುವ ಕೆಲಸ ಆ ಹೊತ್ತಿಗೆ ಬಂದರೆ ಇನ್ನೊಬ್ಬರಿಗೆ ತೋರಿಸಿ. ಬೆಳಗಿನ ಸ್ಯಾಂಪಲ್‌ಗಳ ಟ್ಯೂಬನ್ನು ಮೊದಲೇ ಎಣಿಸಿ ಜೋಡಿಸಬಹುದು, ಆದರೆ ಲೇಬಲ್ ಮಾತ್ರ ರಕ್ತ ತೆಗೆದ ಮೇಲೆ ಬೆಡ್ ಪಕ್ಕದಲ್ಲೇ ಅಂಟಿಸಿ. ನೈಟ್ ಮುಗಿಸಿ ಕಣ್ಣು ಎಳೆಯುತ್ತಿದ್ದರೆ ಸ್ಕೂಟರ್ ಬಿಟ್ಟು ಬಸ್ಸು ಹಿಡಿಯಿರಿ.

ಹಂತ 12: ಕೊನೆಯ ಗಂಟೆ

1 ಗಂಟೆಗೆ ಹಾಳೆಯಲ್ಲಿ ಟಿಕ್ ಬೀಳದ್ದನ್ನೆಲ್ಲ ನೋಡಿ. ಡ್ರಿಪ್ ಮುಗಿಯುವ ಹಾಗಿದ್ದರೆ ಮುಂದಿನ ಬಾಟಲ್ ತಂದಿಡಿ, ಇನ್‌ಟೇಕ್ ಔಟ್‌ಪುಟ್ ಕೂಡಿಸಿ, ಟ್ರಾಲಿ ತುಂಬಿಸಿ. ಬಾಕಿ ಉಳಿದದ್ದನ್ನು ಬಾಕಿ ಅಂತಲೇ ಓವರ್ ಕೊಡಿ. ಆಸ್ಪತ್ರೆ 24 ಗಂಟೆ ನಡೆಯುತ್ತದೆ, ಬೆಡ್ 11ರ ಡ್ರೆಸಿಂಗ್ 2:30ಕ್ಕೆ ಆದರೂ ನಡೆಯುತ್ತದೆ. ಆದರೆ ಯಾರಿಗೂ ಹೇಳದೆ ಬಿಟ್ಟು ಹೋಗುವಂತಿಲ್ಲ.

ಹಂತ 13: ಭಾರ ನಿಜಕ್ಕೂ ಜಾಸ್ತಿಯಿದ್ದರೆ

ಇಷ್ಟೆಲ್ಲ ಮಾಡಿಯೂ ದಿನಾ ಔಷಧಿ ತಡ, ಊಟ ಇಲ್ಲ, ಎರಡು ಗಂಟೆ ಜಾಸ್ತಿ ನಿಲ್ಲುವುದು ಆಗುತ್ತಿದ್ದರೆ ಅದು ನಿಮ್ಮ ಸಾಮರ್ಥ್ಯದ ಪ್ರಶ್ನೆ ಅಲ್ಲ. ಎಷ್ಟೇ ಚೆನ್ನಾಗಿ ಹೊಂದಿಸಿದರೂ ಹತ್ತು ಹನ್ನೆರಡು ಕಾಯಿಲೆಯವರನ್ನು ಒಬ್ಬರೇ ಸರಿಯಾಗಿ ನೋಡಲು ಆಗುವುದಿಲ್ಲ. ಹೊಸಬರು ಇದನ್ನು ನಂಬುವುದಿಲ್ಲ, ತಮ್ಮನ್ನೇ ಬೈದುಕೊಳ್ಳುತ್ತಾರೆ, ಅಳುತ್ತಾರೆ, ಕೆಲಸ ಬಿಡುತ್ತಾರೆ. ಒಳ್ಳೆಯ ನರ್ಸ್‌ಗಳನ್ನು ನಾವು ಕಳೆದುಕೊಳ್ಳುವುದು ಹೀಗೆ.

ಎರಡು ವಾರ ಬರೆದಿಡಿ: ದಿನಾಂಕ, ಶಿಫ್ಟ್, ವಾರ್ಡಿನಲ್ಲಿ ರೋಗಿಗಳು ಎಷ್ಟು, ನರ್ಸ್‌ಗಳು ಎಷ್ಟು, ಏನು ತಡವಾಯಿತು, ಎಷ್ಟು ತಡ. ರೋಗಿಯ ಗುರುತು ಏನೂ ಬೇಡ. ತಪ್ಪು ಆಗಿದ್ದರೆ, ಆಗುವುದು ಕೂದಲೆಳೆಯಲ್ಲಿ ತಪ್ಪಿದ್ದರೆ, ಇನ್ಸಿಡೆಂಟ್ ಫಾರ್ಮ್ ಆವತ್ತೇ ತುಂಬಿ. ಇನ್‌ಚಾರ್ಜ್ ಬಳಿ ಓವರ್ ಹೊತ್ತಿನಲ್ಲಿ ಎಲ್ಲರ ಮುಂದೆ ಹೇಳಬೇಡಿ. ಸಮಯ ಕೇಳಿ, ಕೂತು ಮಾತಾಡಿ. "ಕೆಲಸ ಜಾಸ್ತಿ" ಅಂತ ಹೇಳಿದರೆ "ಎಲ್ಲರಿಗೂ ಜಾಸ್ತಿ" ಅನ್ನುತ್ತಾರೆ. "ಮೇಡಂ, 8ರಿಂದ 10ರವರೆಗೆ ಇನ್ಸುಲಿನ್, ಫೀಡ್, ರೌಂಡ್ಸ್ ಮೂರೂ ಒಟ್ಟಿಗೆ ಬರ್ತಿದೆ. ಎರಡು ವಾರದಲ್ಲಿ ಇಷ್ಟು ದಿನ ಇನ್ಸುಲಿನ್ ತಡವಾಗಿದೆ. ಆ ಎರಡು ಗಂಟೆಗೆ ಒಬ್ಬರು ಜಾಸ್ತಿ ಬೇಕು" ಅಂದರೆ ಅವರಿಗೂ ಮೇಲಿನವರ ಹತ್ತಿರ ಕೇಳಲು ಒಂದು ಆಧಾರ ಸಿಗುತ್ತದೆ. ಮಾತಾಡಿದ ದಿನವೇ ಅದನ್ನು ನಾಲ್ಕು ಸಾಲಿನ ಇಮೇಲ್ ಮಾಡಿ ಇನ್‌ಚಾರ್ಜ್‌ಗೂ ನರ್ಸಿಂಗ್ ಸೂಪರಿಂಟೆಂಡೆಂಟ್‌ಗೂ ಕಳಿಸಿ, ಎರಡು ವಾರ ಬಿಟ್ಟು ಮತ್ತೆ ಹೋಗಿ ಕೇಳಿ.